“ಬರೀ ರಬ್ಬರ್ ಕಣೆ” ಅಂದಿದ್ದೆ

ಭಾಗ 1

ಮೊದಲನೇ ಫೋಟೋ ನೋಡಿ ನಗಬೇಡಿ. ಹೌದು, ನಂದೇ ಬಾಯಿ. ಮೇಲಿನ ಸಾಲಲ್ಲಿ ಒಂದಕ್ಕೊಂದು ಅಂಟಿಕೊಂಡಿರೋ ನೇರಳೆ ಬಣ್ಣದ ಪುಟ್ಟ ಪುಟ್ಟ ಬಳೆಗಳ ಸರ ಕಾಣ್ತಿದೆಯಲ್ಲ, ಅದೇ ಪವರ್ ಚೈನ್. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಪ್ರತಿ ಹಲ್ಲಿನ ಮೇಲೆ ಒಂದು ಬ್ರಾಕೆಟ್ ಅಂಟಿಸಿರ್ತಾರೆ, ಎಲ್ಲಾ ಬ್ರಾಕೆಟ್‌ಗಳ ಮೂಲಕ ಒಂದೇ ತಂತಿ ಹಾದುಹೋಗುತ್ತೆ. ಆ ತಂತಿ ಜಾರದ ಹಾಗೆ ಒಂದೊಂದು ಬ್ರಾಕೆಟ್‌ಗೂ ಒಂದೊಂದು ಬಿಡಿ ರಬ್ಬರ್ ಉಂಗುರ ಹಾಕ್ತಾರೆ. ಬಿಡಿಬಿಡಿ ಉಂಗುರದ ಬದಲು ಎಲ್ಲಾ ಒಂದಕ್ಕೊಂದು ಸೇರಿಕೊಂಡಿರೋ ಪಟ್ಟಿ ಹಾಕಿದ್ರೆ ಅದೇ ಚೈನ್. ಎಳೆದು ಹಾಕ್ತಾರೆ. ಅದು ಮತ್ತೆ ಕುಗ್ಗೋಕೆ ನೋಡುತ್ತೆ, ಕುಗ್ಗುವಾಗ ಹಲ್ಲುಗಳನ್ನೂ ಹತ್ತಿರ ಎಳೆಯುತ್ತೆ. ಅಷ್ಟೇ ಕಥೆ ಅಂತ ನಾನೂ ಅಂದ್ಕೊಂಡಿದ್ದೆ.

ಫೆಬ್ರವರಿಯಲ್ಲಿ ಒಂದು ರೀಲ್ ಹಾಕಿದ್ದೆ, ನೆನಪಿದೆಯಾ? “ಪವರ್ ಚೈನ್ ಮ್ಯಾಜಿಕ್, 2 ವಾರದಲ್ಲಿ ಗ್ಯಾಪ್ ಕ್ಲೋಸ್!” ಮೊದಲು ಒಂದು ಫೋಟೋ, ಆಮೇಲೆ ಒಂದು ಫೋಟೋ, ಹಿಂದೆ ಟ್ರೆಂಡಿಂಗ್ ಮ್ಯೂಸಿಕ್. ನನ್ನ ಪೇಜ್‌ನಲ್ಲಿ ಅದಕ್ಕಿಂತ ಜಾಸ್ತಿ ಓಡಿದ ರೀಲ್ ಇನ್ನೊಂದಿಲ್ಲ. ಕ್ಲಾಸಲ್ಲಿ ಒಂದು ವಾರ ಎಲ್ಲರೂ ನನ್ನ ಬಾಯಿ ನೋಡೋರೇ.

ಆವಾಗ ನಮ್ಮ ಕಾಲೇಜಿನ ಜೂನಿಯರ್ ಒಬ್ಬಳು ಮೆಸೇಜ್ ಮಾಡಿದ್ಲು. “ಅಕ್ಕಾ, ಆ ಚೈನ್ ಎಲ್ಲಿ ಸಿಗ್ತೈತಿ? ನಂಗೆ ಮುಂದಿನ ಎರಡು ಹಲ್ಲಿನ ಮಧ್ಯ ಗ್ಯಾಪ್ ಐತಿ. ಕ್ಲಿಪ್ ಹಾಕ್ಸೋಕೆ ಮನೇಲಿ ಒಪ್ಪಂಗಿಲ್ಲ.”

ನಾನು ಹರಿಹರದ ಬಸ್ಸಲ್ಲಿ ಕಂಬ ಹಿಡ್ಕೊಂಡು ನಿಂತಿದ್ದೆ. ಒಂದೇ ಕೈಯಲ್ಲಿ ಟೈಪ್ ಮಾಡಿದೆ. “ಬರೀ ರಬ್ಬರ್ ಕಣೆ ಅದು. ಆನ್‌ಲೈನ್ ನೋಡು, ಸಿಗ್ಬೋದು.” ಜೊತೆಗೊಂದು ನಗುವಿನ ಇಮೋಜಿ.

ಆ ಉತ್ತರ ಕೊಡೋಕೆ ಹತ್ತು ಸೆಕೆಂಡ್ ಹಿಡಿದಿರಬಹುದು. ಈ ಸೀರೀಸ್ ಬರೆಯೋಕೆ ಮೂರು ವಾರ ಹಿಡೀತು. ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಹೆಸರು ಹೇಳಲ್ಲ. ಯಾರಿರಬಹುದು ಅಂತ ಕಾರಿಡಾರ್‌ನಲ್ಲಿ ಹುಡುಕೋಕೂ ಹೋಗಬೇಡಿ, ಕೈ ಮುಗೀತೀನಿ.

ಭಾಗ 2

ನಿನ್ನೆ ನಿಲ್ಲಿಸಿದಲ್ಲಿಂದ.

ಅವಳು ಹುಡುಕಿದ್ಲು. ಸಿಕ್ತು. ಚೈನ್ ಅಂತೂ ಸುರುಳಿಗಟ್ಟಲೆ ಸಿಗುತ್ತೆ. ಅದರ ಪಕ್ಕದಲ್ಲೇ ಹಲ್ಲಿನ ಗ್ಯಾಪ್ ಮುಚ್ಚೋ ಬ್ಯಾಂಡ್ ಅಂತ ನೂರು ಪುಟ್ಟ ಉಂಗುರಗಳ ಪ್ಯಾಕೆಟ್. 149 ರೂಪಾಯಿ, ಡೆಲಿವರಿ ಫ್ರೀ. ಬ್ರಾಕೆಟ್ ಇಲ್ಲದ ಬಾಯಿಗೆ ಚೈನ್ ಕೂರಲ್ಲ ಅಂತ ಅವಳಿಗೇ ಹೊಳೀತು, ಅದಕ್ಕೆ ಉಂಗುರ ತರಿಸಿಕೊಂಡ್ಲು. ಮುಂದಿನ ಎರಡೂ ಹಲ್ಲನ್ನ ಸೇರಿಸಿ ಒಂದು ಉಂಗುರ. ರಾತ್ರಿ ಹಾಕೋದು, ಬೆಳಿಗ್ಗೆ ತೆಗೆಯೋದು.

ಹತ್ತು ದಿನಕ್ಕೆ ಗ್ಯಾಪ್ ಕಡಿಮೆ ಆಯ್ತು. ಇದನ್ನ ಮುಚ್ಚಿಡಲ್ಲ, ನಿಜವಾಗ್ಲೂ ಆಯ್ತು. ಅವಳು ಫೋಟೋ ಕಳಿಸಿದ್ಲು, ನಾನು ಬೆಂಕಿ ಇಮೋಜಿ ಹಾಕಿದೆ. ಇಂಥವು ಮಾರಾಟ ಆಗೋದೇ ಈ ಹತ್ತು ದಿನದ ಮೇಲೆ. ಮೊದಲನೇ ವಾರ ಕೆಟ್ಟದಾಗಿದ್ರೆ ಯಾರೂ ಎರಡನೇ ವಾರ ಹಾಕ್ತಾನೇ ಇರಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ಉಂಗುರ ಇಲ್ಲ. “ನಿದ್ದೇಲಿ ನುಂಗಿರ್ಬೇಕು ಅಂದ್ಕೊಂಡೆ ಅಕ್ಕಾ.” ಇನ್ನೊಂದು ಹಾಕಿದ್ಲು. ಸ್ವಲ್ಪ ದಿನಕ್ಕೆ ಅದೂ ಕಾಣ್ಲಿಲ್ಲ. ಪ್ಯಾಕೆಟ್‌ನಲ್ಲಿ ಇನ್ನೂ ತೊಂಬತ್ತೆಂಟು ಇದ್ದವಲ್ಲ, ಯಾರು ಲೆಕ್ಕ ಇಡ್ತಾರೆ.

ಏಪ್ರಿಲ್‌ನಲ್ಲಿ ವಸಡು ಊದಿಕೊಳ್ತು. ಬ್ರಷ್ ಮಾಡಿದ್ರೆ ರಕ್ತ. ಅವಳಮ್ಮ ಉಷ್ಣ ಜಾಸ್ತಿ ಆಗೈತಿ ಅಂತ ಉಪ್ಪುನೀರು, ಲವಂಗ, ಮಜ್ಜಿಗೆ. ಮೇ ಹೊತ್ತಿಗೆ ಎರಡೂ ಹಲ್ಲು ಮೊದಲಿಗಿಂತ ಉದ್ದ ಕಾಣೋಕೆ ಶುರುವಾಯ್ತು. ನಾಲಿಗೆಯಿಂದ ತಳ್ಳಿದ್ರೆ ಅಲ್ಲಾಡ್ತಿತ್ತು. ಹದಿನೆಂಟು ವರ್ಷದ ಹುಡುಗಿ, ಮಂಡಕ್ಕಿ ಜೊತೆ ಮಿರ್ಚಿ ಕಚ್ಚೋಕೆ ಆಗದೆ ಕೈಯಲ್ಲಿ ಮುರಿದು ದವಡೆಗೆ ಇಟ್ಕೊಳ್ತಿದ್ಲು. ಆಮೇಲೆ ಕೀವು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದ್ರು. ಎರಡೂ ಹಲ್ಲಿನ ಸುತ್ತ ಮೂಳೆ ಕರಗಿದೆ ಅಂತ ಕಾಣ್ತಿತ್ತು, ಯಾಕೆ ಅಂತ ಕಾಣ್ತಿರಲಿಲ್ಲ. ಯಾಕಂದ್ರೆ ರಬ್ಬರ್ ಎಕ್ಸ್‌ರೇನಲ್ಲಿ ಕಾಣಲ್ಲ. ಇವಳು ಬಾಯಿ ಬಿಡಲಿಲ್ಲ. ಅಪ್ಪ ಪಕ್ಕದಲ್ಲೇ ನಿಂತಿದ್ರು, ಬೈತಾರೆ ಅಂತ ಭಯ.

ಕೊನೆಗೆ ಡೆಂಟಲ್ ಕಾಲೇಜಿಗೆ ಹೋದಾಗ ಅಲ್ಲಿನ ಪಿಜಿ ಮೇಡಂ ಒಬ್ರು ಹಲ್ಲು ನೋಡಿ, ಅಪ್ಪನ್ನ ಹೊರಗೆ ಕೂರಿಸಿ, ಮೆಲ್ಲಗೆ ಕೇಳಿದ್ರಂತೆ: “ಏನಾದ್ರೂ ರಬ್ಬರ್ ಕಟ್ಟಿದ್ಯಾ ಪುಟ್ಟಾ?” ಅಲ್ಲಿಗೆ ಅಳು. ವಸಡು ಬಿಡಿಸಿ ನೋಡಿದ್ರೆ ಒಳಗೆ, ಬೇರಿನ ಸುತ್ತ, ಎರಡೂ ಉಂಗುರ ಇದ್ದವು. ನುಂಗಿರಲಿಲ್ಲ. ಹಲ್ಲೇ ನುಂಗಿತ್ತು.

ಭಾಗ 3

ಯಾಕೆ ಹಾಗಾಯ್ತು ಅಂತ ಮನೇಲೇ ಪ್ರಯೋಗ ಮಾಡಬಹುದು. ಒಂದು ಮೂಲಂಗಿ ತಗೊಳ್ಳಿ. ದಪ್ಪ ಇರೋ ಕಡೆ ಒಂದು ಬಿಗಿ ರಬ್ಬರ್ ಬ್ಯಾಂಡ್ ಹಾಕಿ, ಸ್ವಲ್ಪ ಅಲ್ಲಾಡಿಸಿ. ಸಣ್ಣ ತುದಿ ಕಡೆಗೇ ಜಾರುತ್ತೆ, ದಪ್ಪದ ಕಡೆ ಹತ್ತಲ್ಲ. ನಮ್ಮ ಮುಂದಿನ ಹಲ್ಲೂ ಹಂಗೇ. ಕಚ್ಚೋ ಅಂಚಲ್ಲಿ ಅಗಲ, ವಸಡಿನ ಹತ್ತಿರ ಕಿರಿದು, ಒಳಗೆ ಬೇರು ಇನ್ನೂ ಚೂಪು. ಉಂಗುರಕ್ಕೆ ಹೋಗೋಕೆ ಇರೋದು ಒಂದೇ ದಾರಿ, ವಸಡಿನೊಳಗೆ. ಹೋಗ್ತಾ ಹೋಗ್ತಾ ಹಲ್ಲನ್ನ ಮೂಳೆಗೆ ಹಿಡಿದಿಟ್ಟಿರೋದನ್ನೆಲ್ಲ ಹಾಳು ಮಾಡ್ಕೊಂಡು ಹೋಗುತ್ತೆ.

ಇದನ್ನ ಹೇಳಿದಾಗ ನನ್ನ ಫ್ರೆಂಡ್ಸ್ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. “ಲೇ, ಡಾಕ್ಟರೇ ನಂಗೆ ರಬ್ಬರ್ ಬ್ಯಾಂಡ್ ಪ್ಯಾಕೆಟ್ ಕೊಟ್ಟು ಮನೇಲಿ ಹಾಕ್ಕೋ ಅಂದಾರಲ್ಲ? ಅದು ಸರಿ, ಇದು ತಪ್ಪಾ?”

ಒಳ್ಳೆ ಪ್ರಶ್ನೆ. ಗೊಂದಲ ಎಲ್ಲಾ ಇರೋದೇ ಇಲ್ಲಿ. ಡಾಕ್ಟರ್ ಕೊಡೋ ಬ್ಯಾಂಡ್ ಹಲ್ಲಿಗೆ ಸುತ್ತೋದಲ್ಲ. ಬ್ರಾಕೆಟ್ ಮೇಲಿರೋ ಪುಟ್ಟ ಕೊಕ್ಕೆಗೆ ಸಿಕ್ಕಿಸೋದು, ಮೇಲಿನ ಸಾಲಿಂದ ಕೆಳಗಿನ ಸಾಲಿಗೆ. ಕೊಕ್ಕೆ ಬಿಟ್ಟು ಅದು ಎಲ್ಲಿಗೂ ಜಾರಲ್ಲ, ಕಿತ್ತುಕೊಂಡ್ರೆ ಬಾಯೊಳಗೆ ಬೀಳುತ್ತೆ. ಪವರ್ ಚೈನ್ ಕೂಡ ಹಲ್ಲಿನ ಮೇಲೆ ಕೂತಿರೋದಲ್ಲ, ಬ್ರಾಕೆಟ್ ಮೇಲೆ ಕೂತಿರೋದು. ಬ್ರಾಕೆಟ್ ಅನ್ನೋದು ಅದಕ್ಕೆ ಹಿಡಿಕೆಯೂ ಹೌದು, ಅಡ್ಡಗಟ್ಟೆಯೂ ಹೌದು. ಜೊತೆಗೆ ಒಳಗೆ ತಂತಿ ಇರುತ್ತೆ. ರೈಲಿಗೆ ಹಳಿ ಇದ್ದಂಗೆ, ಹಲ್ಲು ಯಾವ ಕಡೆ ಹೋಗಬೇಕು ಅಂತ ಅದು ಹಿಡಿದಿಟ್ಟಿರುತ್ತೆ. ಹಳಿ ಇಲ್ಲದೆ ಎಳೆದ್ರೆ ಹಲ್ಲಿನ ತಲೆ ಮಾತ್ರ ವಾಲುತ್ತೆ, ಬೇರು ಅಲ್ಲೇ ಇರುತ್ತೆ. ಅವಳ ಗ್ಯಾಪ್ ಹತ್ತು ದಿನದಲ್ಲಿ “ಮುಚ್ಚಿದ್ದು” ಹಂಗೆ. ಎರಡು ಕಂಬ ಒಂದರ ಮೇಲೊಂದು ಒರಗಿದಂಗೆ.

ಇನ್ನೊಂದು ವಿಷಯ, ಗ್ಯಾಪ್ ಯಾಕಿತ್ತು ಅಂತ ಯಾರೂ ನೋಡಿರಲಿಲ್ಲ. ಮೇಲಿನ ತುಟಿಯನ್ನ ಎತ್ತಿ ಕನ್ನಡಿ ನೋಡಿ, ತುಟಿಗೂ ವಸಡಿಗೂ ಮಧ್ಯೆ ಒಂದು ಸಣ್ಣ ಪಟ್ಟಿ ಕಾಣುತ್ತೆ. ಕೆಲವರಿಗೆ ಅದು ದಪ್ಪ ಇದ್ದು ಎರಡು ಹಲ್ಲಿನ ನಡುವೆಯೇ ಇಳಿದಿರುತ್ತೆ. ಕೆಲವರಿಗೆ ಮೂಳೆಯೊಳಗೆ ಒಂದು ಎಕ್ಸ್‌ಟ್ರಾ ಹಲ್ಲು ಅಡಗಿರುತ್ತೆ. ಕೆಲವರಿಗೆ ಪಕ್ಕದ ಹಲ್ಲು ಹುಟ್ಟೇ ಇರಲ್ಲ, ಇಲ್ಲಾ ಚಿಕ್ಕದಿರುತ್ತೆ. ನಾಲಿಗೆಯಿಂದ ಹಲ್ಲು ತಳ್ಳೋ ಅಭ್ಯಾಸನೂ ಇರಬಹುದು. ಈ ನಾಲ್ಕಕ್ಕೂ ಉತ್ತರ ಬೇರೆ ಬೇರೆ. 149 ರೂಪಾಯಿ ಪ್ಯಾಕೆಟ್‌ಗೆ ಇರೋದು ಒಂದೇ ಉತ್ತರ.

ಭಾಗ 4

ಈಗ ಕ್ಲಿಪ್ ಇರೋರ ಸರದಿ. ನೀವು ಸೇಫ್ ಅಂತ ಕಾಲು ಚಾಚಿ ಕೂರಬೇಡಿ.

ನಮ್ಮಲ್ಲಿ ಒಂದು ಖಾಯಿಲೆ ಇದೆ. ಅಪಾಯಿಂಟ್‌ಮೆಂಟ್‌ಗೆ ಹೋದಾಗ “ಡಾಕ್ಟ್ರೇ, ಇನ್ನೂ ಸ್ವಲ್ಪ ಟೈಟ್ ಮಾಡಿ, ಬೇಗ ಮುಗೀಲಿ.” ನಾನು ಹೇಳಿದ್ದೀನಿ, ನೀವೂ ಹೇಳಿರ್ತೀರಿ. ನೋವು ಜಾಸ್ತಿ ಆದಷ್ಟೂ ಕೆಲಸ ಜಾಸ್ತಿ ಆಗ್ತಿದೆ ಅನ್ನೋ ಲೆಕ್ಕ. ಚೈನ್ ಹಾಕಿಸ್ಕೊಂಡು ಎರಡು ದಿನ ಬೆಣ್ಣೆದೋಸೆ ಅಗಿಯೋಕೆ ಆಗ್ಲಿಲ್ಲ ಅಂದ್ರೆ ದುಡ್ಡು ವಸೂಲ್ ಅಂತ ಖುಷಿ. (ದಾವಣಗೆರೆಯಲ್ಲಿದ್ಕೊಂಡು ಬೆಣ್ಣೆದೋಸೆಯನ್ನ ಸಾಗುವಿನಲ್ಲಿ ನೆನೆಸಿ ತಿನ್ನೋ ಪಾಪ ಯಾರಿಗೂ ಬೇಡ.)

ಬಿಗಿ ಅಂದ್ರೆ ಬೇಗ ಅಲ್ಲ. ಇದೊಂದು ಮಾತಿಗಾಗಿ ಈ ಸೀರೀಸ್‌ನ ನಾಲ್ಕನೇ ಭಾಗ ಬರೀತಿದ್ದೀನಿ.

ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಒಂದು ಪೊರೆ ಇದೆ. ದಪ್ಪ ಸುಮಾರು ಕಾಲು ಮಿಲಿಮೀಟರ್. ಅದರೊಳಗೆ ಸಣ್ಣ ಸಣ್ಣ ರಕ್ತನಾಳ. ಹಲ್ಲನ್ನ ಮೆಲ್ಲಗೆ ಒತ್ತಿದ್ರೆ, ಒತ್ತಿದ ಕಡೆ ಮೂಳೆ ನಿಧಾನಕ್ಕೆ ಕರಗುತ್ತೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟುತ್ತೆ. ಕರಗಿಸೋ ಜೀವಕೋಶ ಬರಬೇಕಂದ್ರೆ ಅಲ್ಲಿಗೆ ರಕ್ತ ಹರೀತಿರಬೇಕು. ಹಲ್ಲನ್ನ ಸರಿಸೋದು ಚೈನ್ ಅಲ್ಲ, ನಿಮ್ಮ ಮೈ. ಚೈನ್ ಬರೀ ಸೂಚನೆ ಕೊಡುತ್ತೆ.

ಸಿಕ್ಕಾಪಟ್ಟೆ ಬಿಗಿ ಮಾಡಿದ್ರೆ? ಪೊರೆ ಜಜ್ಜಿಹೋಗಿ ಅಲ್ಲಿಗೆ ರಕ್ತವೇ ಬರಲ್ಲ. ಆ ಜಾಗ ಸತ್ತಂಗೆ. ಮೈ ಅದನ್ನ ಹಿಂದಿನಿಂದ ಬಂದು ಕ್ಲೀನ್ ಮಾಡೋ ತನಕ, ಅಂದ್ರೆ ಕೆಲವು ವಾರ, ಹಲ್ಲು ಇದ್ದಲ್ಲೇ ಇರುತ್ತೆ. ನಿಮಗೆ ನೋವು ಜಾಸ್ತಿ, ಕೆಲಸ ಸೊನ್ನೆ. ಅದಕ್ಕಿಂತ ಕೆಟ್ಟದ್ದು, ಬೇರಿನ ತುದಿ ಸವೆದು ಗಿಡ್ಡ ಆಗಬಹುದು. ಮೂಳೆ ಮತ್ತೆ ಬೆಳೆಯುತ್ತೆ. ಹೋದ ಬೇರು ಮತ್ತೆ ಬೆಳೆಯಲ್ಲ.

ಎಷ್ಟು ಎಳೆತ ಸಾಕು ಗೊತ್ತಾ? ಒಂದು ಹಲ್ಲನ್ನ ಬೇರು ಸಮೇತ ಸರಿಸೋಕೆ ಸುಮಾರು 70ರಿಂದ 120 ಗ್ರಾಂ ಅಂತ ಪಿಜಿ ಮೇಡಂ ಹೇಳಿದ್ರು, ಅವರ ಪಠ್ಯಪುಸ್ತಕದಲ್ಲೂ ಅದೇ ಇದೆಯಂತೆ. ನಮ್ಮದು ಕಿರಾಣಿ ಅಂಗಡಿ. ಮನೆಗೆ ಹೋಗಿ ಹಳೇ ತಕ್ಕಡಿಯ 100 ಗ್ರಾಂ ಬಟ್ಟನ್ನ ಅಂಗೈಯಲ್ಲಿ ಇಟ್ಕೊಂಡು ನೋಡಿದೆ. ಸಾಸಿವೆ ತೂಗೋ ಬಟ್ಟು. ಅಷ್ಟೇ.

ಭಾಗ 5

ನಮ್ಮ ಬಿಕಾಂನವರಿಗೆ ಅರ್ಥ ಆಗೋ ಭಾಷೇಲಿ ಹೇಳ್ತೀನಿ. ಸೈನ್ಸ್‌ನವರು ಒಂದು ನಿಮಿಷ ಸುಮ್ನಿರಿ.

ಫಸ್ಟ್ ಸೆಮ್‌ನಲ್ಲಿ ಡಿಪ್ರಿಸಿಯೇಷನ್ ಓದಿದ್ವಲ್ಲ, ಸ್ಟ್ರೈಟ್ ಲೈನ್ ಮೆಥಡ್, ರಿಟನ್ ಡೌನ್ ವ್ಯಾಲ್ಯೂ ಮೆಥಡ್. ಚೈನ್ ಅಂದ್ರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ರಬ್ಬರ್. ಅದರ ಬಲ ಸ್ಟ್ರೈಟ್ ಲೈನ್‌ನಲ್ಲಿ ಇಳಿಯಲ್ಲ. ಮೊದಲ ದಿನವೇ ಅರ್ಧದಷ್ಟು, ಕೆಲವು ಸಲ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡುತ್ತೆ. ಬಾಯಿಯ ಬಿಸಿ, ಜೊಲ್ಲು, ನಾವು ಕುಡಿಯೋ ಚಹಾ, ಎಲ್ಲಾ ಸೇರಿ. ಆಮೇಲೆ ಇಳಿಕೆ ನಿಧಾನ. ನಾಲ್ಕು ವಾರ ಆಗೋ ಹೊತ್ತಿಗೆ ಮೊದಲಿನ ಬಲದ ಮೂರನೇ ಒಂದು ಭಾಗದ ಆಸುಪಾಸು ಉಳಿದಿರುತ್ತೆ. ಡಾಕ್ಟರಿಗೆ ಇದು ಗೊತ್ತು. ಗೊತ್ತಿದ್ದೇ ಲೆಕ್ಕ ಹಾಕಿ ಎಳೆದಿರ್ತಾರೆ, ಇಳಿದ ಮೇಲೂ ಸಾಕಾಗೋಷ್ಟು. ಅದಕ್ಕೇ ನಾಲ್ಕರಿಂದ ಆರು ವಾರಕ್ಕೊಮ್ಮೆ ಕರೆಯೋದು.

ಎರಡನೇ ದಿನ ನೋವು ಕಡಿಮೆ ಆಯ್ತು ಅಂತ “ಸಡಿಲ ಆಗೈತಿ, ಇದು ವರ್ಕ್ ಆಗ್ತಿಲ್ಲ” ಅನ್ನೋರಿಗೆ ಇಷ್ಟೇ ಉತ್ತರ: ಈಗಲೇ ಅದು ವರ್ಕ್ ಆಗ್ತಿರೋದು.

ಇನ್ನು ಡಬಲ್ ಎಂಟ್ರಿ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್. ಚೈನ್ ಮುಂದಿನ ಹಲ್ಲನ್ನ ಹಿಂದಕ್ಕೆ ಎಳೆದ್ರೆ, ಅಷ್ಟೇ ಬಲದಲ್ಲಿ ಹಿಂದಿನ ದವಡೆ ಹಲ್ಲನ್ನ ಮುಂದಕ್ಕೆ ಎಳೆಯುತ್ತೆ. ಪುಕ್ಕಟೆ ಎಳೆತ ಅಂತ ಒಂದಿಲ್ಲ. ನನ್ನ ಬಾಯಲ್ಲಿ ನಾಲ್ಕು ಹಲ್ಲು ಕಿತ್ತು ಜಾಗ ಮಾಡಿದ್ದಾರೆ, ಒಂದೊಂದು ಕಡೆ ಸುಮಾರು 7 ಮಿಲಿಮೀಟರ್. ಆ ಜಾಗವನ್ನ ಮುಂದಿನ ಹಲ್ಲು ತಗೊಳ್ಳಬೇಕಾ, ಹಿಂದಿನ ಹಲ್ಲು ಬಂದು ತಿಂದುಬಿಡುತ್ತಾ ಅನ್ನೋದರ ಮೇಲೆ ಇಡೀ ಟ್ರೀಟ್‌ಮೆಂಟ್ ನಿಂತಿದೆ. ಹಿಂದಿನದು ಮುಂದೆ ಬಂದ್ರೆ ಗ್ಯಾಪ್ ಮುಚ್ಚುತ್ತೆ, ಚೆನ್ನಾಗೇ ಕಾಣುತ್ತೆ, ಆದ್ರೆ ಉಬ್ಬಿದ ಮುಂದಿನ ಹಲ್ಲು ಉಬ್ಬೇ ಇರುತ್ತೆ. ಕಿತ್ತ ಹಲ್ಲೂ ಹೋಯ್ತು, ಸಿಕ್ಕ ಜಾಗವೂ ಹೋಯ್ತು. ಎಲ್ಲಿಂದ ಎಲ್ಲಿಗೆ ಚೈನ್, ಯಾವ ತಂತಿ ಮೇಲೆ, ಯಾವ ಹಲ್ಲನ್ನ ಯಾವುದಕ್ಕೆ ಕಟ್ಟಿ ಭದ್ರ ಮಾಡಬೇಕು ಅನ್ನೋದು ಅದಕ್ಕೇ ಮುಖ್ಯ. ಗ್ಯಾಪ್ ಮುಚ್ಚೋ ಹೊತ್ತಿಗೆ ದಪ್ಪ ಸ್ಟೀಲ್ ತಂತಿ ಹಾಕಿರ್ತಾರೆ. ಶುರುವಿನಲ್ಲಿ ಹಾಕೋ ಮೆತ್ತನೆ ತಂತಿ ಮೇಲೆ ಚೈನ್ ಎಳೆದ್ರೆ ತಂತಿಯೇ ಬಾಗುತ್ತೆ, ಹಲ್ಲು ವಾಲುತ್ತೆ, ತಿರುಗುತ್ತೆ.

ನಮ್ಮ ಕ್ಲಾಸಿನ ಹುಡುಗ ಒಬ್ಬ ಮಾಡಿದ್ದು ಇದೇ. ಡಾಕ್ಟರ್ ಊರಲ್ಲಿಲ್ಲ, ಚೈನ್ ಕಿತ್ತುಬಂತು. ಆನ್‌ಲೈನ್ ಸುರುಳಿ ತರಿಸಿ, ಹುಬ್ಬು ಕೀಳೋ ಚಿಮಟ ಹಿಡ್ಕೊಂಡು, ಅಕ್ಕನ ಕನ್ನಡಿ ಮುಂದೆ ತಾನೇ ಹಾಕ್ಕೊಂಡ. ಜಾಸ್ತಿ ಬಿಗಿ ಇರ್ಲಿ ಅಂತ ಮಧ್ಯೆ ಒಂದು ಬ್ರಾಕೆಟ್ ಬಿಟ್ಟು ಹಾಕಿದ. ಒಂದೂವರೆ ತಿಂಗಳಲ್ಲಿ ಕೋರೆಹಲ್ಲು ಗೋಡೆ ಕಡೆ ಮುಖ ಮಾಡಿ ನಿಂತಿತ್ತು. ಅದನ್ನ ಮತ್ತೆ ತಿರುಗಿಸೋಕೆ ಮೆತ್ತನೆ ತಂತಿಗೆ ವಾಪಸ್ ಹೋದ್ರು. ಬೇಗ ಮುಗಿಸೋಕೆ ಹೋದವನಿಗೆ ನಾಲ್ಕು ತಿಂಗಳು ಎಕ್ಸ್‌ಟ್ರಾ. ಅವನೇ ನಗ್ತಾ ಹೇಳ್ತಾನೆ, ಅದಕ್ಕೆ ಬರೆದೆ.

ಭಾಗ 6

ಈಗ ನನ್ನ ರೀಲ್ ವಿಷಯ. ಇದನ್ನ ಬರೆಯೋಕೆ ಜಾಸ್ತಿ ನಾಚಿಕೆ.

“2 ವಾರದಲ್ಲಿ ಗ್ಯಾಪ್ ಕ್ಲೋಸ್” ಅಂತ ಹಾಕಿದ್ದೆನಲ್ಲ, ಸುಳ್ಳಲ್ಲ. ಎರಡು ವಾರದಲ್ಲಿ ಮುಚ್ಚಿದ್ದು ನಿಜ. ಆದ್ರೆ ಮುಚ್ಚಿದ್ದು ಕೊನೆಯ ಅರ್ಧ ಮಿಲಿಮೀಟರ್. ಅದಕ್ಕೆ ಮೊದಲು 14 ತಿಂಗಳು ನಡೆದಿತ್ತು. ಹಲ್ಲು ಕೀಳಿಸಿದ್ದು, ತಂತಿ ನಾಲ್ಕು ಸಲ ಬದಲಾದದ್ದು, ಎಷ್ಟು ಚೈನ್ ಬದಲಾಯಿಸಿದ್ರೋ ಲೆಕ್ಕವಿಲ್ಲ. ಹಲ್ಲು ಸರಿಯೋದು ಚೆನ್ನಾಗಿ ನಡೆದ್ರೆ ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್. 7 ಮಿಲಿಮೀಟರ್ ಜಾಗಕ್ಕೆ ಎಷ್ಟು ತಿಂಗಳು ಅಂತ ಕ್ಯಾಲ್ಕುಲೇಟರ್ ಬೇಡ. ನಾನು ರೀಲ್‌ನಲ್ಲಿ ಹಾಕಿದ್ದು ಮ್ಯಾಚಿನ ಕೊನೇ ಬಾಲ್ ಮಾತ್ರ. ಉಳಿದ ಓವರ್‌ಗಳನ್ನ ಕತ್ತರಿಸಿ ಎಸೆದಿದ್ದೆ, ಯಾಕಂದ್ರೆ ಅದನ್ನ ಯಾರೂ ನೋಡಲ್ಲ.

ಇವತ್ತು ಹುಡುಕಿ ನೋಡಿ, ನನ್ನಂಥ ರೀಲ್ ಎಷ್ಟಿವೆ. ಒಬ್ಬನೂ ಸುಳ್ಳು ಹೇಳಿರಲ್ಲ, ಎಲ್ಲರೂ ಕೊನೇ ಬಾಲ್ ತೋರಿಸಿರ್ತಾರೆ. ಅವುಗಳ ಕೆಳಗೇ ಬ್ಯಾಂಡ್ ಪ್ಯಾಕೆಟ್‌ನ ಜಾಹೀರಾತು ಬರುತ್ತೆ. ಮಾರೋನು ನಮ್ಮನ್ನ ಕೇಳಿಲ್ಲ, ದುಡ್ಡೂ ಕೊಟ್ಟಿಲ್ಲ. ನಾವೇ ಪುಕ್ಕಟೆ ಸೇಲ್ಸ್‌ಮನ್ ಆಗಿದ್ದೀವಿ. ಕಾಮರ್ಸ್ ಓದೋರಿಗೆ ಇದಕ್ಕಿಂತ ಅವಮಾನ ಬೇಕಾ?

ಥಾಯ್ಲೆಂಡ್, ಮಲೇಷ್ಯಾ ಕಡೆ ಫ್ಯಾಶನ್ ಬ್ರೇಸಸ್ ಅಂತಲೇ ಒಂದು ಧಂದೆ ಇದೆ. ಡಾಕ್ಟರ್ ಅಲ್ಲದವರು, ಬ್ಯೂಟಿ ಪಾರ್ಲರ್ ಥರದ ಜಾಗದಲ್ಲಿ, ಬಣ್ಣಬಣ್ಣದ ರಬ್ಬರ್ ಹಾಕಿ ಹುಡುಗ್ರಿಗೆ ಕ್ಲಿಪ್ ಹಾಕೋದು. ಅಲ್ಲಿನ ಸರ್ಕಾರಗಳು ಕೇಸ್ ಹಾಕಿ ಶಿಕ್ಷೆ ಕೊಟ್ಟಿವೆ. ನಮ್ಮಲ್ಲಿ ಇನ್ನೂ ಅಷ್ಟಕ್ಕೆ ಬಂದಿಲ್ಲ ಅಂತ ಸಮಾಧಾನ ಪಡೋ ಮೊದಲು ನಿಮ್ಮ ಶಾಪಿಂಗ್ ಆ್ಯಪ್‌ನಲ್ಲಿ ಒಂದು ಸಲ ಹುಡುಕಿ.

ಭಾಗ 7

ಬೈಗುಳ ಎಲ್ಲಾ ನಮ್ಮ ಹುಡುಗ್ರಿಗೇ ಮೀಸಲಲ್ಲ. ಕ್ಲಿನಿಕ್‌ನವರಿಗೂ ಸ್ವಲ್ಪ ಇದೆ.

ನಂಗೆ ಮೊದಲ ಸಲ ಚೈನ್ ಹಾಕಿದಾಗ “ಇದೇನು” ಅಂತ ಕೇಳಿದೆ. ಅಸಿಸ್ಟೆಂಟ್ ಅಕ್ಕ ಬಣ್ಣಗಳ ಗೊಂಚಲು ಕೈಗೆ ಕೊಟ್ಟು, “ಪವರ್ ಚೈನ್ ಪುಟ್ಟಾ, ಬೇಗ ಮುಗಿಯುತ್ತೆ, ಯಾವ ಕಲರ್ ಬೇಕು?” ಅಂದ್ರು. ಅಷ್ಟೇ ನಂಗೆ ಸಿಕ್ಕ ಶಿಕ್ಷಣ. ನಾನು ಹತ್ತು ನಿಮಿಷ ಕೂತು ಬಣ್ಣ ಆರಿಸಿದೆ. ಯಾವ ಹಲ್ಲು ಎಲ್ಲಿಗೆ ಹೋಗ್ತಿದೆ ಅಂತ ಒಂದು ನಿಮಿಷನೂ ಯಾರೂ ಹೇಳಲಿಲ್ಲ. (ಬಣ್ಣದ ವಿಷಯ ಬಂತು ಅಂತ ಹೇಳ್ತೀನಿ, ಪಾರದರ್ಶಕ ಚೈನ್ ಹಾಕಿಸ್ಕೋಬೇಡಿ. ಅರಿಶಿನ ಹಾಕಿದ ಒಂದೇ ಒಂದು ಚಿತ್ರಾನ್ನ ಸಾಕು, ಮುಂದಿನ ಅಪಾಯಿಂಟ್‌ಮೆಂಟ್ ತನಕ ಹಳದಿ ಹಲ್ಲು. ಬೂದು ಬಣ್ಣ ಬೆಸ್ಟ್.)

ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿತ್ತು, ಮೂರು ಪುಟ. ಅಪ್ಪ ಕೊನೇ ಪುಟದಲ್ಲಿ ಕನ್ನಡದಲ್ಲಿ ಸಹಿ ಹಾಕಿದ್ರು. ಬೇರು ಸವೆಯಬಹುದು ಅನ್ನೋ ಸಾಲು ಅದರಲ್ಲೇ ಇತ್ತು, ನಾನು ಓದಿದ್ದು ಮೊನ್ನೆ. 34,000 ರೂಪಾಯಿ ಟ್ರೀಟ್‌ಮೆಂಟ್. ಮೊದಲು 10,000, ಆಮೇಲೆ ತಿಂಗಳಿಗೆ 1,500ರಂತೆ 16 ಕಂತು. ಕಂತಿನ ಲೆಕ್ಕವನ್ನ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರು ಅಂದ್ರೆ ಅಪ್ಪನಿಗೆ ಒಂದೇ ಸಲಕ್ಕೆ ಅರ್ಥ ಆಯ್ತು. ಚೈನ್ ಬಗ್ಗೆ ಅದರ ಅರ್ಧ ಹೇಳಿದ್ರೂ ಸಾಕಿತ್ತು.

ನಮ್ಮ ಡಾಕ್ಟರ್ ಕೆಟ್ಟೋರು ಅಂತಿಲ್ಲ. ಕೆಲಸ ಚೆನ್ನಾಗಿ ಮಾಡಿದ್ದಾರೆ, ನನ್ನ ಹಲ್ಲೇ ಸಾಕ್ಷಿ. ಆದ್ರೆ ಮಾತಾಡದೆ ಕೆಲಸ ಮಾಡಿದ್ರೆ ಜಾಗ ಖಾಲಿ ಉಳಿಯುತ್ತೆ, ಆ ಖಾಲಿ ಜಾಗಕ್ಕೆ ನನ್ನಂಥೋರ ರೀಲ್ ಬಂದು ಕೂರುತ್ತೆ. “ಬರೀ ರಬ್ಬರ್ ಕಣೆ” ಅನ್ನೋ ಮಾತು ನನ್ನ ಬಾಯಿಂದ ಬಂತು, ನಿಜ. ಅದಕ್ಕಿಂತ ಹೆಚ್ಚಿಗೆ ನಂಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ನೋದೂ ನಿಜ. ಎರಡನೇದು ಮೊದಲನೇದಕ್ಕೆ ಮಾಫಿ ಅಲ್ಲ.

ಹಾಗಾಗಿ ಈಗ ನಾನು ಪ್ರತಿ ಸಲ ಕೇಳ್ತೀನಿ. ಇವತ್ತು ಯಾವ ಹಲ್ಲಿಂದ ಯಾವ ಹಲ್ಲಿಗೆ? ಯಾವುದು ಸರೀಬೇಕು, ಯಾವುದು ಸರೀಬಾರದು? ಈಗಿರೋ ತಂತಿ ಯಾವುದು? ಇದು ಕಿತ್ತುಬಂದ್ರೆ ಏನ್ ಮಾಡ್ಬೇಕು? ಮೊದಲ ಸಲ ಡಾಕ್ಟರ್ ಆಶ್ಚರ್ಯಪಟ್ರು. ಎರಡನೇ ಸಲ ಕನ್ನಡಿ ಕೈಗೆ ಕೊಟ್ಟು ತೋರಿಸಿದ್ರು. ಹೇಳೋಕೆ ಅವರಿಗೂ ಇಷ್ಟವೇ ಇತ್ತೇನೋ, ಕೇಳೋರಿರಲಿಲ್ಲ.

ಭಾಗ 8

ತುಂಬಾ ಜನ ಮೆಸೇಜ್‌ನಲ್ಲಿ ಬೈದಿದ್ದೀರಿ. “ನಿಮ್ಮಪ್ಪನ ಹತ್ರ 34,000 ಇತ್ತು, ಹಾಕಿಸ್ಕೊಂಡೆ. ಇಲ್ಲದೋರು 149 ರೂಪಾಯಿದು ತಗೊಂಡ್ರೆ ಭಾಷಣ ಬಿಗೀತೀಯಾ?”

ಈ ಮಾತು ಚುಚ್ಚಿತು, ಚುಚ್ಚಬೇಕಾದ್ದೇ. ದುಡ್ಡು ದೊಡ್ಡ ವಿಷಯ. ನಮ್ಮಪ್ಪನೂ ಆ 10,000ವನ್ನ ಚೀಟಿ ಎತ್ತಿ ಕೊಟ್ಟಿದ್ದು. ಆದ್ರೆ 149ರ ನಿಜವಾದ ಬೆಲೆ ಹೇಳ್ತೀನಿ ಕೇಳಿ. ಅವಳ ಮನೆಯವರು ಈಗಾಗಲೇ ಖರ್ಚು ಮಾಡಿರೋದು ಪ್ಯಾಕೆಟ್‌ನ ಬೆಲೆಯ ನೂರು ಪಟ್ಟಿಗಿಂತ ಜಾಸ್ತಿ, ಇನ್ನೂ ಮುಗಿದಿಲ್ಲ. ಆ ಎರಡು ಹಲ್ಲು ಉಳಿಯದಿದ್ರೆ ಕಟ್ಟಿಸೋ ಹಲ್ಲಿನ ಖರ್ಚು ಬೇರೆ. ಅಗ್ಗದ್ದು ಅಂತ ಕಾಣೋದಕ್ಕೆಲ್ಲ ಖರ್ಚು ಬೇರೆ ಹೆಡ್‌ನಲ್ಲಿ ಬರೆದಿರುತ್ತೆ, ಅಷ್ಟೇ.

ಕಮ್ಮಿ ಖರ್ಚಿನ ದಾರಿ ಇಲ್ಲ ಅಂತೇನಿಲ್ಲ. ಬೆಂಗಳೂರಲ್ಲಿ, ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ದಾವಣಗೆರೆಯಲ್ಲೇ ಎರಡು ಖಾಸಗಿ ಡೆಂಟಲ್ ಕಾಲೇಜುಗಳಿವೆ. ಇಂಥ ಕಾಲೇಜುಗಳ ಆರ್ಥೋ ವಿಭಾಗದಲ್ಲಿ ಪಿಜಿ ಓದೋರು, ಅಂದ್ರೆ ಐದು ವರ್ಷದ ಬಿಡಿಎಸ್ ಮುಗಿಸಿ ಮೂರು ವರ್ಷದ ಎಂಡಿಎಸ್ ಮಾಡ್ತಿರೋರು, ತಮ್ಮ ಪ್ರೊಫೆಸರ್ ಕಣ್ಣ ಮುಂದೆ ಕ್ಲಿಪ್ ಹಾಕ್ತಾರೆ. ಹೊರಗಿನ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಡಿಮೆ ಆಗುತ್ತೆ. ಕ್ಯೂ ನಿಲ್ಲಬೇಕು, ಒಂದೊಂದು ಸಲಕ್ಕೆ ಅರ್ಧ ದಿನ ಹೋಗುತ್ತೆ, ಅಟೆಂಡೆನ್ಸ್‌ಗೆ ಹೊಡೆತ. ಒಪ್ಪಿದೆ. ಗ್ಯಾಪ್ ಯಾಕೆ ಬಂದಿದೆ ಅಂತ ತೋರಿಸ್ಕೊಂಡು ಬರೋಕಾದ್ರೂ ಹೋಗಬಹುದು. ಅವಳಿಗೆ ಅಂದು ಬಸ್ಸಲ್ಲಿ ನಾನು ಟೈಪ್ ಮಾಡಬೇಕಾಗಿದ್ದ ಉತ್ತರ ಇದು. ಹದಿನೈದು ಸೆಕೆಂಡ್ ಹಿಡೀತಿತ್ತು.

ಇನ್ನೊಂದು, ಏನೂ ಮಾಡದೆ ಬಿಡೋದೂ ಒಂದು ದಾರಿ. ನಮ್ಮಜ್ಜಿಗೂ ಮುಂದೆ ಗ್ಯಾಪ್ ಇತ್ತು. “ಸಂದಿ ಹಲ್ಲು ಅದೃಷ್ಟ ಕಣೆ” ಅಂತ ಸಾಯೋ ತನಕ ಬಾಯ್ತುಂಬಾ ನಕ್ಕಳು. ಅವಳಿಗೆ ಅದೃಷ್ಟ ಏನು ಬಂತೋ ದೇವರಿಗೇ ಗೊತ್ತು, ಕಬ್ಬು ಕಚ್ಚಿ ಸಿಗಿಯೋಕಂತೂ ಎಪ್ಪತ್ತರಲ್ಲೂ ಹಲ್ಲಿತ್ತು. ನನ್ನ ಜೂನಿಯರ್‌ಗೆ ಗ್ಯಾಪ್ ಇದೆ ಅಂತ ಮೊದಲು ಅನ್ಸಿದ್ದು ಅವಳಿಗಲ್ಲ. ಒಂದು ಮದುವೆ ಮನೇಲಿ ಸಂಬಂಧಿಕರೊಬ್ಬರು ಊಟದ ಸಾಲಲ್ಲಿ, ಎಲ್ಲರೆದುರಿಗೆ, “ಹುಡುಗಿ ಲಕ್ಷಣವಾಗಿದಾಳೆ, ಆ ಹಲ್ಲೊಂದು ಸರಿ ಮಾಡ್ಸಿ, ಮುಂದೆ ಹುಡುಗನ ಕಡೆಯೋರು ನೋಡೋಕೆ ಬಂದಾಗ ಕಷ್ಟ” ಅಂದಿದ್ರಂತೆ. ಹೋಳಿಗೆ ಬಡಿಸ್ತಾ ಅಂದ ಮಾತು. ಆ ಅತ್ತೆಗೆ ಈ ಪೋಸ್ಟ್ ಯಾರಾದ್ರೂ ತೋರಿಸಿ.

ಭಾಗ 9

ಕೊನೇದು. ಉದ್ದ ಆಯ್ತು, ಗೊತ್ತು.

ಈಗಾಗಲೇ ಹಲ್ಲಿಗೆ ರಬ್ಬರ್ ಕಟ್ಟಿರೋರು ಇದನ್ನ ಓದ್ತಿದ್ರೆ, ಇವತ್ತೇ ಬಿಚ್ಚಿ. ಉಂಗುರ ಕಾಣ್ತಿಲ್ಲ ಅಂದ್ರೆ ನುಂಗಿದ್ದೀನಿ ಅಂತ ಅಂದ್ಕೋಬೇಡಿ. ನಾಳೆ ಬೆಳಿಗ್ಗೆ ಡೆಂಟಿಸ್ಟ್ ಹತ್ರ ಹೋಗಿ. ಹೋಗಿ ಸುಮ್ನೆ ಬಾಯಿ ತೆರೆದು ಕೂರಬೇಡಿ, ಬಾಯಿ ಬಿಟ್ಟು ಹೇಳಿ. ಎಕ್ಸ್‌ರೇ ಹೇಳಲ್ಲ, ನೀವೇ ಹೇಳ್ಬೇಕು. ಅಪ್ಪ ಬೈದ್ರೆ ಒಂದು ದಿನ ಬೈತಾರೆ. ಒಬ್ಬರೇ ಹೋಗೋಕೆ ಭಯ ಅಂದ್ರೆ ನಂಗೆ ಮೆಸೇಜ್ ಮಾಡಿ, ದಾವಣಗೆರೆ ಹರಿಹರ ಸುತ್ತಮುತ್ತ ಇದ್ರೆ ನಾನೇ ಜೊತೆ ಬರ್ತೀನಿ. ಇನ್ಮೇಲೆ ಬಸ್ಸಲ್ಲಿ ನಿಂತ್ಕೊಂಡು ಯಾರಿಗೂ ಉತ್ತರ ಕೊಡಲ್ಲ.

ಕ್ಲಿಪ್ ಇರೋರಿಗೆ: ಚೈನ್ ಕಿತ್ತುಬಂದ್ರೆ ಕ್ಲಿನಿಕ್‌ಗೆ ಫೋನ್ ಮಾಡಿ, ಸುರುಳಿ ಆರ್ಡರ್ ಮಾಡಬೇಡಿ. ಎರಡು ದಿನ ಚೈನ್ ಇಲ್ಲದಿದ್ರೆ ಪ್ರಪಂಚ ಮುಳುಗಲ್ಲ. ಆದ್ರೆ ಎಕ್ಸಾಮ್ ಇದೆ ಅಂತ ಹತ್ತು ವಾರ ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ, ನಾನು ಮಾಡಿದಂಗೆ. ಚೈನ್ ಆಗಲೇ ಹಳೇ ಲಂಗದ ಎಲಾಸ್ಟಿಕ್ ಥರ ಆಗಿತ್ತು, ಎರಡು ತಿಂಗಳ ಕಂತು ಕಟ್ಟಿದ್ದಕ್ಕೆ ಹಲ್ಲು ಒಂದಿಂಚೂ ಅಲ್ಲಾಡಿರಲಿಲ್ಲ (ಒಂದು ಮಿಲಿಮೀಟರೂ ಅನ್ನಬೇಕು, ಇಂಚು ಅಲ್ಲಾಡಿದ್ರೆ ಹಲ್ಲು ಮೂಗಲ್ಲಿರ್ತಿತ್ತು). ಚೈನ್ ಕೆಳಗೆ ಅನ್ನದ ಅಗುಳು ಸಿಕ್ಕಿಹಾಕ್ಕೊಳ್ಳುತ್ತೆ, ರಾತ್ರಿ ಬ್ರಷ್ ಬಿಡಬೇಡಿ.

ಹಳೇ ರೀಲ್ ಡಿಲೀಟ್ ಮಾಡು ಅಂತ ಸುಮಾರು ಜನ ಹೇಳಿದ್ರಿ. ಮಾಡಲ್ಲ. ಈಗಲೂ ಜನ ಅದನ್ನ ಹುಡುಕ್ಕೊಂಡು ಬರ್ತಾರೆ. ಬರಲಿ. ಅದರ ಕ್ಯಾಪ್ಶನ್ ಬದಲಾಯಿಸಿ, 14 ತಿಂಗಳ ಲೆಕ್ಕ ಬರೆದು, ಈ ಸೀರೀಸ್‌ಗೆ ದಾರಿ ಹಾಕಿದ್ದೀನಿ.

ಅವಳ ಸುದ್ದಿ ಕೇಳ್ತಿದ್ರಲ್ಲ. ಎರಡೂ ಹಲ್ಲನ್ನ ಹಿಂದಿನಿಂದ ತೆಳು ತಂತಿ ಹಾಕಿ ಅಕ್ಕಪಕ್ಕದ ಹಲ್ಲಿಗೆ ಕಟ್ಟಿದ್ದಾರೆ. ಕೀವು ನಿಂತಿದೆ. ಮೂಳೆ ಎಷ್ಟು ವಾಪಸ್ ಬರುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. ಪಿಜಿ ಮೇಡಂ ಆರು ತಿಂಗಳು ನೋಡೋಣ ಅಂದಿದ್ದಾರೆ. ಗ್ಯಾಪ್? ತಂತಿ ಕಟ್ಟುವಾಗ ಹಲ್ಲುಗಳನ್ನ ಮೊದಲಿದ್ದ ಜಾಗದ ಹತ್ತಿರಕ್ಕೇ ತಂದು ಕಟ್ಟಿದ್ದಾರೆ. ಗ್ಯಾಪ್ ಈಗ ಮತ್ತೆ ಇದೆ.

ನಿನ್ನೆ ರಾತ್ರಿ ಮೆಸೇಜ್ ಬಂತು. “ಅಕ್ಕಾ, ಇವತ್ತು ಇಡ್ಲಿನ ಮುಂದಿನ ಹಲ್ಲಲ್ಲೇ ಕಚ್ಚಿದೆ. ಮೇಡಂಗೆ ಹೇಳ್ಬ್ಯಾಡ.” ಶನಿವಾರ ಹನ್ನೊಂದಕ್ಕೆ ಅವಳ ಚೆಕಪ್, ನಾನೂ ಹೋಗ್ತಿದ್ದೀನಿ. ಹೇಳ್ತೀನಿ.